ಅಜ್ಜಿಯ ಚಂದ್ರಕಾಳಿ ಸೀರೆಯ ಕಸೂತಿ: ಹಿಂಬದಿಯೂ ಮುಂಬದಿಯಂತೆಯೇ ಬರುವುದು ಹೇಗೆ?

ಪ್ರಶ್ನೆ

ನಮಸ್ಕಾರ. ನಮ್ಮ ಅಜ್ಜಿ ಮದುವೆಯಲ್ಲಿ ಉಟ್ಟಿದ್ದ ಕಪ್ಪು ಚಂದ್ರಕಾಳಿ ಸೀರೆಯೊಂದು ನನ್ನ ಪಾಲಿಗೆ ಬಂದಿದೆ. ಸೆರಗಿನ ಬಳಿ ದೊಡ್ಡ ಗೋಪುರ, ತೇರು, ಅಂಬಾರಿ ಹೊತ್ತ ಆನೆಗಳಿದ್ದು, ಸೆರಗಿನಿಂದ ದೂರ ಹೋದಂತೆ ಚಿತ್ತಾರಗಳು ಚಿಕ್ಕದಾಗುತ್ತ ಕೊನೆಗೆ ಬರಿಯ ಚುಕ್ಕೆಗಳಾಗಿ ಉಳಿಯುತ್ತವೆ. ಮಡಿಕೆಗಳಲ್ಲಿ ಬಟ್ಟೆ ಸೀಳುತ್ತಿರುವುದರಿಂದ ಅದನ್ನು ಉಡುವ ಆಸೆಯನ್ನು ಬಿಟ್ಟು, ಚಿತ್ತಾರಗಳನ್ನಾದರೂ ಹೊಸ ಬಟ್ಟೆಗೆ ಇಳಿಸಿಕೊಳ್ಳೋಣವೆಂದು ಹೊರಟಿದ್ದೇನೆ. ಗೋಪುರವನ್ನು ಕಾರ್ಬನ್ ಹಾಳೆಯಿಂದ ಗುರುತು ಮಾಡಿಕೊಂಡು ಹೊಲಿದಾಗ ಮುಂಬದಿ ತಕ್ಕಮಟ್ಟಿಗೆ ಬಂದರೂ ಹಿಂಬದಿಯಲ್ಲಿ ಗಂಟುಗಳು ಮತ್ತು ಅಡ್ಡಾದಿಡ್ಡಿ ಎಳೆಗಳೇ ತುಂಬಿದವು. ಅಜ್ಜಿಯ ಗೋಪುರದಲ್ಲಿ ಯಾವುದು ಮುಂದು, ಯಾವುದು ಹಿಂದು ಎಂದು ಹೇಳುವುದೇ ಕಷ್ಟ. ವಿಚಿತ್ರವೆಂದರೆ, ಅದೇ ಸೀರೆಯ ತೇರಿನ ಹಿಂಬದಿ ಮಾತ್ರ ಮುಂಬದಿಯಂತಿಲ್ಲ. ಇದು ಕೆಲಸದ ದೋಷವೇ, ಅಥವಾ ಬೇರೆ ಕಾರಣವಿದೆಯೇ?

ಉತ್ತರ 1

ದೋಷವಲ್ಲ, ಅವು ಎರಡು ಬೇರೆ ಬೇರೆ ಹೊಲಿಗೆಗಳು. ಕಸೂತಿಯಲ್ಲಿ ಗವಂತಿ, ಮುರುಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿವೆ. ಗವಂತಿಯಲ್ಲಿ ಒಂದು ಗೆರೆಯುದ್ದಕ್ಕೂ ಎಳೆ ಬಿಟ್ಟು ಎಳೆ ಹಿಡಿದು ಸಾಗಿ, ಮರಳುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾರೆ. ಅದೇ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ಅದು ಮುರುಗಿ. ಇವೆರಡೂ ಎರಡು ಬದಿಯಲ್ಲೂ ಒಂದೇ ರೀತಿ ಕಾಣುತ್ತವೆ. ನೇಗಿ ಎಂದರೆ ನೇಯ್ದಂತೆ ಕಾಣುವ ಉದ್ದ-ಗಿಡ್ಡ ಎಳೆಗಳ ಹೊಲಿಗೆ. ಮೆಂತಿ ಎಂದರೆ ಮೆಂತ್ಯದ ಕಾಳಿನಂತೆ ಕಾಣುವ, ಕತ್ತರಿಯಾಕಾರದ ಹೊಲಿಗೆ. ಚಿತ್ತಾರದ ಒಳಭಾಗವನ್ನು ತುಂಬಲು ಅದನ್ನು ಬಳಸುತ್ತಾರೆ, ದಾರವೂ ಹೆಚ್ಚು ಬೇಕಾಗುತ್ತದೆ. ಈ ಎರಡರಲ್ಲಿ ಹಿಂಬದಿ ಬೇರೆಯಾಗಿಯೇ ಇರುತ್ತದೆ. ನಿಮ್ಮ ಅಜ್ಜಿ ಗೋಪುರವನ್ನು ಗವಂತಿಯಲ್ಲಿ ಬಿಡಿಸಿ ತೇರಿನ ಒಡಲನ್ನು ಮೆಂತಿಯಿಂದ ತುಂಬಿರಬೇಕು.

ಕಾರ್ಬನ್ ಹಾಳೆಯನ್ನು ಮೊದಲು ಪಕ್ಕಕ್ಕಿಡಿ. ಕಸೂತಿಗೆ ಬಟ್ಟೆಯ ಮೇಲೆ ಗುರುತು ಹಾಕುವ ಪದ್ಧತಿಯಿಲ್ಲ. ಬಟ್ಟೆಯ ಹಾಸು-ಹೊಕ್ಕಿನ ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ಅಚ್ಚಿನ ಗೆರೆ ಎಳೆಯ ಲೆಕ್ಕಕ್ಕೆ ಹೊಂದದಿದ್ದಾಗ ಹೊಲಿಗೆ ಒಂದು ಕಡೆ ಉದ್ದವಾಗಿ, ಇನ್ನೊಂದು ಕಡೆ ಗಿಡ್ಡವಾಗಿ ಬೀಳುತ್ತದೆ. ಗಂಟನ್ನೂ ಹಾಕುವಂತಿಲ್ಲ. ಆರಂಭದಲ್ಲಿ ದಾರದ ತುದಿಯನ್ನು ಸ್ವಲ್ಪ ಬಿಟ್ಟುಕೊಂಡು, ಆಮೇಲೆ ಅದನ್ನು ಹೊಲಿದ ಎಳೆಗಳ ಅಡಿಯಲ್ಲೇ ತೂರಿಸಿ ಮುಗಿಸಿರಿ.

ಉತ್ತರ 2

ನಾನು ಗಣಿತ ಕಲಿಸುವವನು. ಸೂಜಿ ಹಿಡಿದದ್ದು ನಿವೃತ್ತಿಯ ನಂತರ. ಗವಂತಿಯ ಗುಟ್ಟನ್ನು ಚದುರಂಗದ ಹಾಸಿನಿಂದ ಅರ್ಥ ಮಾಡಿಕೊಂಡೆ. ಚೌಕುಳಿ ಕಾಗದದ ಮೇಲೆ ಚಿತ್ತಾರವನ್ನು ಬರೆದು, ಸೂಜಿ ಚುಚ್ಚುವ ಬಿಂದುಗಳನ್ನು ಒಂದು ಬಿಟ್ಟು ಒಂದರಂತೆ ಕಪ್ಪು, ಬಿಳಿ ಎಂದು ಗುರುತಿಸಿರಿ. ಕಪ್ಪು ಬಿಂದುವಿನಲ್ಲಿ ಸೂಜಿ ಯಾವಾಗಲೂ ಮೇಲಕ್ಕೆ ಬರಲಿ, ಬಿಳಿ ಬಿಂದುವಿನಲ್ಲಿ ಯಾವಾಗಲೂ ಕೆಳಕ್ಕೆ ಇಳಿಯಲಿ. ಆಗ ಪ್ರತಿಯೊಂದು ತುಂಡನ್ನೂ ಒಮ್ಮೆ ಹೋಗುವಾಗ, ಇನ್ನೊಮ್ಮೆ ಎದುರು ದಿಕ್ಕಿನಲ್ಲಿ ಬರುವಾಗ ದಾಟಿದರೆ ಒಂದು ಎಳೆ ಮೇಲೂ ಇನ್ನೊಂದು ಕೆಳಗೂ ತಾನಾಗಿಯೇ ಬೀಳುತ್ತದೆ. ಕವಲು ಬಂದಾಗ ಅದರ ತುದಿಯವರೆಗೆ ಹೋಗಿ, ತುಂಬುತ್ತ ಹಿಂದಿರುಗಿ, ಮುಖ್ಯ ಗೆರೆಯಲ್ಲಿ ಮುಂದುವರಿಯಬೇಕು. ಕವಲನ್ನು ಆಮೇಲೆ ನೋಡಿಕೊಳ್ಳೋಣವೆಂದು ಬಿಟ್ಟು ಹೋದವರೇ ಹಿಂಬದಿಯಲ್ಲಿ ಎಳೆಯನ್ನು ಹಾರಿಸಬೇಕಾಗುತ್ತದೆ. ಚಿತ್ತಾರ ಎಲ್ಲೂ ಕಡಿಯದೆ ಕೂಡಿಕೊಂಡಿದ್ದರೆ ಸೂಜಿ ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ.

ಅಡ್ಡ ಮತ್ತು ನೆಟ್ಟಗಿನ ಗೆರೆಗಳಿಗೆ ಈ ಲೆಕ್ಕ ಎಂದೂ ತಪ್ಪದು. ಓರೆ ಗೆರೆ ಸೇರಿ ಮೂರೇ ಹೊಲಿಗೆಯ ತ್ರಿಕೋನವಾದರೆ ಮಾತ್ರ ಕೈಕೊಡುತ್ತದೆ. ಅಲ್ಲಿ ಹಿಂದಿರುಗದೆ, ಒಂದೇ ದಿಕ್ಕಿನಲ್ಲಿ ಎರಡು ಸುತ್ತು ಹೋಗಬೇಕು. ಅಕ್ಷರ ಬಾರದ ಎಷ್ಟೋ ಹೆಣ್ಣುಮಕ್ಕಳು ಕಾಗದವಿಲ್ಲದೆ ಈ ದಾರಿಯನ್ನು ಮನಸ್ಸಿನಲ್ಲೇ ಹಾಕಿಕೊಳ್ಳುತ್ತಿದ್ದರು ಎಂಬುದನ್ನು ನೆನೆದರೆ ನನ್ನ ಚೌಕುಳಿ ಕಾಗದದ ಬಗ್ಗೆ ನಾಚಿಕೆಯಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಆದರೆ ನಾನು ತಂದಿರುವ ರೇಷ್ಮೆಯ ಎಳೆಗಳು ಕಣ್ಣಿಗೆ ಕಾಣುವುದೇ ಇಲ್ಲ, ಎಣಿಸುವುದು ಹೇಗೆ? ಅಂಗಡಿಯವರು ಯಂತ್ರದಲ್ಲೇ ಹಾಕಿಸಿಕೊಡುತ್ತೇವೆ, ವ್ಯತ್ಯಾಸವೇ ತಿಳಿಯದು ಎನ್ನುತ್ತಿದ್ದಾರೆ.

ಉತ್ತರ 3

ಬಟ್ಟೆಯನ್ನು ತಿರುವಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಬೇರೆ, ಕೆಳಗಿನ ಬಾಬಿನ್ ದಾರ ಬೇರೆ. ಆದ್ದರಿಂದ ಹಿಂಬದಿಯಲ್ಲಿ ಸಾಮಾನ್ಯವಾಗಿ ಒಂದೇ ಬಣ್ಣದ ದಾರ ಕಾಣುತ್ತದೆ. ಗವಂತಿಯಲ್ಲಿ ಒಂದೇ ದಾರ ಎರಡು ಬದಿಗೂ ಓಡಾಡುತ್ತದೆ. ಧಾರವಾಡ ಸೀಮೆಯ ಈ ಕಲೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿರುವುದು ನಿಜವಾದರೂ ಆ ಮಾನ್ಯತೆ ಅಂಗಡಿಯಲ್ಲಿ ನಿಮ್ಮ ಪಕ್ಕದಲ್ಲಿ ಬಂದು ನಿಲ್ಲುವುದಿಲ್ಲ. ನಮ್ಮ ರಾಜ್ಯದ್ದೇ ಆದ ಸಂಡೂರಿನ ಲಂಬಾಣಿ ಕಸೂತಿಗೂ ಅದೇ ಮಾನ್ಯತೆಯಿದೆ. ಆದರೆ ಅದರ ಸೊಬಗು ಕನ್ನಡಿ, ಕವಡೆಗಳಲ್ಲಿದೆಯಾದ್ದರಿಂದ ಈ ಪರೀಕ್ಷೆಯನ್ನು ಅದಕ್ಕೆ ಅನ್ವಯಿಸಬೇಡಿ. ಅಂದ ಹಾಗೆ, ಗವಂತಿಯಂಥ ಹೊಲಿಗೆ ಯುರೋಪಿನಲ್ಲೂ ಇದೆ. 16ನೇ ಶತಮಾನದ ಚಿತ್ರಕಾರ ಹಾಲ್ಬೈನ್ ಬರೆದ ಭಾವಚಿತ್ರಗಳ ಕಾಲರು, ತೋಳುಗಳಲ್ಲಿ ಅದು ಕಾಣುವುದರಿಂದ ಅಲ್ಲಿ ಅದಕ್ಕೆ ಅವನ ಹೆಸರೇ ನಿಂತಿದೆ.

ಎಳೆ ಕಾಣದ ರೇಷ್ಮೆಗೆ ಜಾಳು ನೇಯ್ಗೆಯ ಕ್ಯಾನ್ವಾಸ್ ತುಂಡೊಂದನ್ನು ಮೇಲೆ ಹಚ್ಚಿಕೊಂಡು, ಅದರ ಎಳೆಗಳನ್ನು ಎಣಿಸುತ್ತ ಎರಡೂ ಬಟ್ಟೆಯ ಮೂಲಕ ಹೊಲಿದು, ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಹೊಲಿಗೆಯನ್ನು ಸ್ವಲ್ಪ ಬಿಗಿಯಾಗಿ ಹಾಕದಿದ್ದರೆ ಕ್ಯಾನ್ವಾಸ್ ತೆಗೆದ ಮೇಲೆ ಅದು ಸಡಿಲವಾಗಿ ನಿಲ್ಲುತ್ತದೆ. ಆದರೂ ಮೊದಲ ಗೋಪುರವನ್ನು ರೇಷ್ಮೆಯ ಮೇಲೆ ಹಾಕಬೇಡಿ. ಎಳೆ ಸ್ಪಷ್ಟವಾಗಿರುವ ದಪ್ಪ ಮ್ಯಾಟಿ ಬಟ್ಟೆಯ ಮೇಲೆ ಒಂದು ತುಳಸಿ ವೃಂದಾವನವನ್ನು ಹಾಕಿ ನೋಡಿ.

ಉತ್ತರ 1 ಬರೆದವರು

ಒಂದು ಮಾತು ಬಿಟ್ಟುಹೋಗಿತ್ತು. ಚಿತ್ತಾರ ನಕಲು ಮಾಡುವಾಗ ಅಜ್ಜಿಯ ಸೀರೆಯನ್ನು ಚೌಕಟ್ಟಿಗೆ ಬಿಗಿಯಬೇಡಿ, ಒಗೆಯಲೂ ಬೇಡಿ. ಹಳೆಯ ಬಣ್ಣ ಬಿಟ್ಟರೆ ಕಸೂತಿಯೆಲ್ಲ ಮಂಕಾಗುತ್ತದೆ. ಎರಡೂ ಬದಿಯ ಫೋಟೋ ತೆಗೆದು, ಭೂತಗನ್ನಡಿಯಿಂದ ಒಂದು ಹೊಲಿಗೆಗೆ ಎಷ್ಟು ಎಳೆ ಎಂಬುದನ್ನು ಮಾತ್ರ ಎಣಿಸಿಕೊಳ್ಳಿ. ಆಮೇಲೆ ಹಳೆಯ ಮಡಿಕೆಯಲ್ಲೇ ಮಡಿಸದೆ, ಮೆತ್ತನೆಯ ಹತ್ತಿ ಬಟ್ಟೆಯೊಂದಿಗೆ ಸುರುಳಿ ಸುತ್ತಿಡಿ.