ಹುರಿದ ಯೆರ್ಬಾ ಮಾಟೆ: ಕುದಿಸಬೇಕೇ, ನೆನೆಸಬೇಕೇ?

ಹೂಬಿಸಿಲು (ಪ್ರಶ್ನೆ):
ಬ್ರೆಜಿಲ್‌ನ ಕುರಿಚಿಬಾದಲ್ಲಿ ನೆಲೆಸಿರುವ ನನ್ನ ಅಕ್ಕ ಈ ಬಾರಿ ಮೈಸೂರಿಗೆ ಬಂದಾಗ ಹುರಿದ ಯೆರ್ಬಾ ಮಾಟೆಯ (ದಕ್ಷಿಣ ಅಮೆರಿಕದವರು ಚಹಾದಂತೆ ಕುಡಿಯುವ ಒಂದು ಮರದ ಎಲೆ) ಪೊಟ್ಟಣಗಳನ್ನು ಕೊಟ್ಟು ಹೋಗಿದ್ದಾಳೆ. ಒಳಗೆ ಕಂದುಬಣ್ಣದ ಎಲೆಚೂರುಗಳ ನಡುವೆ ಸಣ್ಣ ತೊಟ್ಟುಗಳೂ ಇವೆ. ಮೂಗಿಗೆ ಹಿಡಿದರೆ ಹುರಿದ ಕಾಫಿಬೀಜವನ್ನೂ ಪಾಕಕ್ಕೆ ಬಂದ ಬೆಲ್ಲವನ್ನೂ ಒಟ್ಟಿಗೆ ನೆನಪಿಸುವ ಪರಿಮಳ. ಮಾಟೆಗೆ ಕುದಿಯುವ ನೀರು ಸಲ್ಲದು, 70ರಿಂದ 80 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎಂದು ಎಲ್ಲ ಕಡೆಯೂ ಬರೆದಿದ್ದಾರೆ. ಅಷ್ಟು ಬಿಸಿಯ ನೀರಿನಲ್ಲಿ ಮಾಡಿದರೆ ಇದು ತೀರಾ ತೆಳುವಾಗುತ್ತದೆ. ಇದನ್ನು ಚಹಾದಂತೆ ಕುದಿಸಬಹುದೇ, ಹಾಲು ಹೊಂದುತ್ತದೆಯೇ, ಸೋರೆಬುರುಡೆ ಮತ್ತು ಲೋಹದ ಕೊಳವೆ ಬೇಕೇ ಬೇಕೇ? ಮಾಟೆಯಿಂದ ಕ್ಯಾನ್ಸರ್ ಬರುತ್ತದೆ ಎಂಬ ಮಾತನ್ನೂ ಓದಿದ್ದೇನೆ. ಅದರ ಬಗ್ಗೆಯೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಅರೌಕಾರಿಯಾ:
ನಾನು ಕುರಿಚಿಬಾ ಇರುವ ಪರಾನಾ ರಾಜ್ಯದಲ್ಲೇ ಇರುವವನು. ನೀವು ಓದಿರುವ ಉಷ್ಣತೆಯ ನಿಯಮ ಹಸಿರು ಮಾಟೆಗೆ ಸಂಬಂಧಿಸಿದ್ದು. ಕೊಯ್ದ ಎಲೆಯನ್ನು ಕೂಡಲೇ ಉರಿಯ ಝಳಕ್ಕೆ ಒಡ್ಡಿ, ಒಣಗಿಸಿ, ಪುಡಿಗಟ್ಟಿದರೆ ಹಸಿರು ಮಾಟೆ ಸಿದ್ಧವಾಗುತ್ತದೆ. ಬ್ರೆಜಿಲ್‌ನ ದಕ್ಷಿಣದವರು ಅದನ್ನು ಬುರುಡೆಯ ತುಂಬ ಹಾಕಿ, ಮತ್ತೆ ಮತ್ತೆ ನೀರು ಎರೆದು, ಕೊಳವೆಯಿಂದ ಹೀರುತ್ತಾರೆ. ಅಷ್ಟೊಂದು ಎಲೆಗೆ ಕುದಿನೀರು ಬಿದ್ದರೆ ಕಹಿ ಒಮ್ಮೆಗೇ ಇಳಿದು ಬಾಯಿ ಒಗರಾಗುತ್ತದೆ. ನಿಮ್ಮಲ್ಲಿರುವುದು ಹೀಗೆ ಒಣಗಿಸಿದ ಎಲೆಯನ್ನೇ ಎರಡನೆಯ ಬಾರಿ ಕಂದುಬಣ್ಣ ಬರುವವರೆಗೆ ಹುರಿದದ್ದು. ಒಗರಿಗೆ ಕಾರಣವಾದ ಕ್ಲೋರೋಜೆನಿಕ್ ಆಮ್ಲಗಳ ಬಹುಪಾಲು ಆ ಕಾವಿನಲ್ಲಿ ಒಡೆದುಹೋಗುವುದರಿಂದ ಈ ಎಲೆ ಬಿಸಿನೀರನ್ನು ತಾಳಿಕೊಳ್ಳುತ್ತದೆ, ಮಾತ್ರವಲ್ಲ, ಬಿಸಿನೀರನ್ನೇ ಬೇಡುತ್ತದೆ. ಬುರುಡೆ, ಕೊಳವೆ ಯಾವುದೂ ಬೇಡ. ಇಲ್ಲಿನ ಮನೆಗಳಲ್ಲಿ ಇದನ್ನು ಚಹಾದ ಹಾಗೆಯೇ ಮಾಡಿ ಸೋಸುತ್ತಾರೆ.

ಒಂದು ಲೋಟಕ್ಕೆ ಒಂದು ತುಂಬು ಟೀಚಮಚ ಎಲೆ ಹಾಕಿ, ಕುದಿ ಬಂದು ಒಲೆಯಿಂದ ಇಳಿಸಿದ ನೀರನ್ನು ಎರೆದು, ಮುಚ್ಚಳ ಮುಚ್ಚಿ ಐದಾರು ನಿಮಿಷ ಬಿಡಿ. ಮುಚ್ಚಳವನ್ನು ಮರೆಯಬೇಡಿ, ಈ ಎಲೆಯ ಸೊಗಸೆಲ್ಲ ಪರಿಮಳದಲ್ಲಿದೆ ಮತ್ತು ಅದು ಆವಿಯೊಂದಿಗೆ ಹಾರಿಹೋಗುತ್ತದೆ.

ಆದರೆ ಹುರಿದ ಮಾಟೆ ನಿಜವಾಗಿ ಅರಳುವುದು ತಣ್ಣಗಿರುವಾಗ ಎಂಬುದು ನನ್ನ ದೃಢ ಅಭಿಪ್ರಾಯ. ರಿಯೊ ಡಿ ಜನೈರೊದ ಕಡಲತೀರಗಳಲ್ಲಿ ಮಾರುವವರು ಎರಡು ಲೋಹದ ಪೀಪಾಯಿಗಳನ್ನು ಹೆಗಲ ಎರಡು ಬದಿಗೆ ತೂಗುಹಾಕಿಕೊಂಡು ಸುಡುವ ಮರಳಿನ ಮೇಲೆ ಕೂಗುತ್ತಾ ನಡೆಯುತ್ತಾರೆ. ಒಂದರಲ್ಲಿ ಸಿಹಿ ಮಾಟೆ, ಇನ್ನೊಂದರಲ್ಲಿ ನಿಂಬೆ ಪಾನಕ. ಕೊಳ್ಳುವವರು ಕೇಳಿದ ಪ್ರಮಾಣದಲ್ಲಿ ಎರಡನ್ನೂ ಒಂದೇ ಲೋಟಕ್ಕೆ ಹಿಡಿದು ಕೊಡುತ್ತಾರೆ. ಮನೆಯಲ್ಲಿ ಮಾಡಲು ಎಲೆಯನ್ನು ಎರಡರಷ್ಟು ಹಾಕಿ, ಬಿಸಿಯಿರುವಾಗಲೇ ಸಕ್ಕರೆ ಕರಗಿಸಿ, ಪೂರ್ತಿ ತಣಿದ ಮೇಲೆ ನಿಂಬೆರಸ ಹಿಂಡಿ. ನಿಮ್ಮ ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಪಾನೀಯವನ್ನು ನಾನು ಸೂಚಿಸಲಾರೆ.

ತೋಟದಮನೆ, ಬಾಳೆಹೊನ್ನೂರು:
ಹಾಲು ಖಂಡಿತವಾಗಿ ಹೊಂದುತ್ತದೆ, ಆದರೆ ಹಾಲಿಗೆ ನೆನೆಸಿದ ರಸ ಸಾಲದು. ಈ ಒಂದು ವಿಷಯದಲ್ಲಿ ಮೇಲಿನ ಉತ್ತರಕ್ಕೆ ನನ್ನ ತಿದ್ದುಪಡಿ ಇದೆ: ಹಾಲು ಬೆರೆಸುವುದಾದರೆ ಎಲೆಯನ್ನು ಸ್ವಲ್ಪವೇ ನೀರಿನಲ್ಲಿ ಎರಡು ಮೂರು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಗಟ್ಟಿ ಡಿಕಾಕ್ಷನ್ ಇಳಿಸಿ, ಬೇರೆಯಾಗಿ ಕಾಯಿಸಿದ ಹಾಲಿಗೆ ಸೇರಿಸಬೇಕು. ಒಂದು ಚೂರು ದಾಲ್ಚಿನ್ನಿ ಚೆನ್ನಾಗಿ ಒಪ್ಪುತ್ತದೆ. ಏಲಕ್ಕಿ ಮಾತ್ರ ಹುರಿದ ವಾಸನೆಯನ್ನು ಮುಚ್ಚಿಹಾಕುತ್ತದೆ.

ಹಸಿರು ಮಾಟೆ ಮಾತ್ರ ಸಿಕ್ಕಿದವರು ಅದನ್ನು ಮನೆಯಲ್ಲೇ ಹುರಿದುಕೊಳ್ಳಬಹುದು. ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ, ಸಣ್ಣ ಉರಿಯ ಮೇಲೆ, ಒಂದು ಹಿಡಿಗಿಂತ ಹೆಚ್ಚು ಹಾಕದೆ, ಕೈ ಬಿಡದೆ ಆಡಿಸುತ್ತಿರಬೇಕು. ಮೊದಲು ಹುಲ್ಲಿನ ವಾಸನೆ ಏಳುತ್ತದೆ, ಬಳಿಕ ಅದು ಅಡಗಿ ಸಿಹಿಯಾದ ಘಮ ಬರುತ್ತದೆ. ಎಲೆ ಕಂದಾದರೂ ತೊಟ್ಟು ಇನ್ನೂ ಹಳದಿಯಾಗಿಯೇ ಇರುವ ಹೊತ್ತಿಗೆ ಬಾಣಲೆ ಇಳಿಸಿ, ಅಗಲವಾದ ತಟ್ಟೆಗೆ ಸುರಿದುಬಿಡಬೇಕು. ತೊಟ್ಟು ಕೆಂಪಾಗಲೆಂದು ಕಾದರೆ ಎಲೆಯ ಪುಡಿ ಸೀದು ಬೂದಿಯ ರುಚಿ ಕೊಡುತ್ತದೆ. ಕಾಫಿಯಲ್ಲಿ ಆಗುವಂತೆ ಬಾಣಲೆಯ ಕಾವೇ ಇಳಿಸಿದ ಮೇಲೂ ಹುರಿಯುವುದನ್ನು ಮುಂದುವರಿಸುತ್ತದೆ ಎಂಬುದನ್ನು ಗಮನದಲ್ಲಿಡಿ.

ದೂರತೀರ:
ಪರಾಗ್ವೆಯ ರೂಢಿಯೊಂದನ್ನು ಇಲ್ಲಿ ಹೇಳಲೇಬೇಕು. ಉದ್ಯೋಗ ನಿಮಿತ್ತ ಅಸುನ್ಸಿಯೋನ್‌ನಲ್ಲಿ ಇದ್ದಾಗ ನಾನು ಬೆಳಗಿನ ಉಪಾಹಾರಕ್ಕೆ ಕುಡಿಯುತ್ತಿದ್ದದ್ದು ಕೊಸಿದೊ ಕೆಮಾದೊ. ಅಲ್ಲಿ ಎಲೆಯನ್ನು ಕಾರ್ಖಾನೆಯಲ್ಲಿ ಹುರಿದಿರುವುದಿಲ್ಲ, ಕುಡಿಯುವ ಹೊತ್ತಿಗೆ ಸಕ್ಕರೆಯೊಡನೆ ಸುಡುತ್ತಾರೆ. ತಟ್ಟೆಯಲ್ಲಿ ಮಾಟೆ ಮತ್ತು ಸಕ್ಕರೆಯನ್ನು ಬೆರೆಸಿ ಹರಡಿ, ಇಕ್ಕಳದಿಂದ ನಿಗಿನಿಗಿ ಕೆಂಡವೊಂದನ್ನು ಎತ್ತಿ ಅದರ ಮೇಲೆ ಹೊರಳಾಡಿಸುತ್ತಾರೆ. ಸಕ್ಕರೆ ಚಟಪಟಿಸಿ ಕರಗಿ, ಎಲೆಗೆ ಅಂಟಿಕೊಂಡು, ದಟ್ಟ ಹೊಗೆ ಎದ್ದಾಗ ಎಲ್ಲವನ್ನೂ ಬಿಸಿನೀರಿಗೆ ಹಾಕಿ, ಕುದಿಸಿ, ಸೋಸುತ್ತಾರೆ. ಹಾಲು ಬೇಕಾದವರು ಬೆರೆಸಿಕೊಳ್ಳುತ್ತಾರೆ. ಜೊತೆಗೆ ಮರಗೆಣಸಿನ ಹಿಟ್ಟು ಮತ್ತು ಚೀಸ್ ಸೇರಿಸಿ ಬೇಯಿಸಿದ ಚಿಪಾ ಇರುತ್ತದೆ. ಒಲೆಯಲ್ಲಿ ಕೆಂಡವಿಲ್ಲದವರು ಬಾಣಲೆಯಲ್ಲೇ ಸಕ್ಕರೆ ಮತ್ತು ಎಲೆಯನ್ನು ಒಟ್ಟಿಗೆ ಕಂದಾಗಿಸಬಹುದು, ಆದರೆ ಕೆಂಡದ ಹೊಗೆವಾಸನೆ ಅದರಲ್ಲಿ ಬರುವುದಿಲ್ಲ.

ಕ್ಯಾನ್ಸರ್ ಕುರಿತ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಅದನ್ನೂ ಸೇರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1991ರಲ್ಲಿ ಬಿಸಿ ಮಾಟೆಯನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತ್ತು. 2016ರ ಮರುಪರಿಶೀಲನೆಯಲ್ಲಿ ಆ ಮಾತು 65 ಡಿಗ್ರಿಗಿಂತ ಬಿಸಿಯಾಗಿ ಕುಡಿಯುವ ಯಾವುದೇ ಪಾನೀಯಕ್ಕೆ ಅನ್ವಯವಾಯಿತು. ಅಷ್ಟು ಸುಡದ ಮಾಟೆಯ ಬಗ್ಗೆ ಹಾಗೆ ತೀರ್ಮಾನಿಸಲು ಆಧಾರ ಸಾಲದು ಎಂದು ಅದೇ ಸಂಸ್ಥೆ ಹೇಳಿತು. ಹೀಗಾಗಿ ಯಾವ ಬಿಸಿಯಲ್ಲಿ ಕುಡಿಯುತ್ತೀರಿ ಎಂಬುದು ಮುಖ್ಯ: ಸೋಸಿದ ಮೇಲೆ ಆರಲು ಬಿಟ್ಟು ಕುಡಿಯಿರಿ. ಹೊಗೆಯಲ್ಲಿ ಒಣಗಿಸಿದ ಅಥವಾ ಸೀಯಿಸಿದ ಎಲೆಯಲ್ಲಿ, ಸುಡುವಾಗ ಹುಟ್ಟುವ ಮತ್ತು ಕೆಲವು ಕ್ಯಾನ್ಸರ್‌ಕಾರಕವೂ ಆದ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್‌ಗಳು ಇರುತ್ತವೆಯಾದ್ದರಿಂದ ಕೆಂಡದ ಮಾಟೆಯನ್ನು ನಾನು ಈಗ ಅಪರೂಪಕ್ಕೆ ಮಾತ್ರ ಮಾಡುತ್ತೇನೆ.

ಹೂಬಿಸಿಲು:
ಎಲ್ಲರಿಗೂ ಧನ್ಯವಾದಗಳು. ಕುದಿದ ನೀರಿನಲ್ಲಿ ಮುಚ್ಚಿಟ್ಟು ಮಾಡಿದ್ದಕ್ಕೆ ಈಗ ಮೈ ಬಂದಿದೆ, ಬಣ್ಣವೂ ಜೇನಿನಿಂದ ಕೆಂಪಿಗೆ ತಿರುಗಿದೆ. ನಿಂಬೆ ಹಿಂಡಿದ್ದು ಮನೆಯವರೆಲ್ಲರಿಗೂ ಹಿಡಿಸಿತು. ಸಂಜೆ ಕುಡಿದರೆ ನಿದ್ದೆ ಕೆಡುತ್ತದೆಯೇ? ಉಳಿದ ಎಲೆಯನ್ನು ಮಳೆಗಾಲದಲ್ಲಿ ಹೇಗೆ ಇಡಬೇಕು?

ಅರೌಕಾರಿಯಾ:
ಹುರಿದರೂ ಕೆಫೀನ್ ಉಳಿದೇ ಇರುತ್ತದೆ, ಆದ್ದರಿಂದ ಸಂಜೆ ಕಾಫಿ ಕುಡಿದರೆ ನಿದ್ದೆ ಬಾರದವರು ಇದನ್ನೂ ಮಧ್ಯಾಹ್ನಕ್ಕೇ ನಿಲ್ಲಿಸುವುದು ಒಳ್ಳೆಯದು. ಎಲೆಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಮಸಾಲೆ ಪುಡಿಗಳಿಂದ ದೂರವಿಡಿ. ಅದು ತೇವವನ್ನೂ ಪಕ್ಕದ ವಾಸನೆಯನ್ನೂ ಬೇಗ ಹೀರಿಕೊಳ್ಳುತ್ತದೆ. ಮೆತ್ತಗಾದಂತೆ ಕಂಡರೆ ಬಿಸಿ ಬಾಣಲೆಯಲ್ಲಿ ಅರ್ಧ ನಿಮಿಷ ಆಡಿಸಿ ತಣಿಸಿದರೆ ಗರಿಗರಿಯಾಗುತ್ತದೆ. ಮಾಡಿಟ್ಟ ತಣ್ಣನೆಯ ಮಾಟೆಯನ್ನು ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ, ನಿಂಬೆಯನ್ನು ಮಾತ್ರ ಕುಡಿಯುವಾಗಲೇ ಹಿಂಡಿಕೊಳ್ಳಿ.