ಗಂಡು ನಾಯಿಗೆ ಮನೆಯೊಳಗೆ ಪ್ಯಾಡ್ ಅಭ್ಯಾಸ: ಮುಂಬೈ, ಪುಣೆ, ಗೋವಾದವರ ಅನುಭವ

ಕೇಳಿದವರು, ಮುಲುಂಡ್‌ನಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಏಳು ತಿಂಗಳ ಗಂಡು ಶಿಟ್ಜು ಇದ್ದಾನೆ. ಹೆಸರು ಗುಂಡ. ಒಂಬತ್ತನೇ ಮಹಡಿ, ಒನ್ ಬಿಎಚ್‌ಕೆ. ನಾವಿಬ್ಬರೂ ಬೆಳಿಗ್ಗೆ ಲೋಕಲ್ ಹಿಡಿದು ಹೋದರೆ ಬರುವುದು ರಾತ್ರಿಯೇ. ಅತ್ತೆ ಮನೆಯಲ್ಲಿರುತ್ತಾರೆ. ಆದರೆ ಅವರಿಗೆ ಮೊಣಕಾಲು ನೋವು, ಕೆಳಗೆ ಕರೆದುಕೊಂಡು ಹೋಗಲು ಆಗುವುದಿಲ್ಲ. ಹಾಗಾಗಿ ಬಾಲ್ಕನಿ ಬಾಗಿಲ ಹತ್ತಿರ ಉಚ್ಚೆ ಹೀರುವ ಪ್ಯಾಡ್ ಹಾಸಿ, ಅದರ ಮೇಲೆ ಮಾಡಲು ಕಲಿಸಿದೆವು. ಚೆನ್ನಾಗಿಯೇ ಕಲಿತಿದ್ದ. ಈಗ ಕೆಲವು ವಾರಗಳಿಂದ ಸೋಫಾ ಕಾಲು, ಕಪಾಟಿನ ಮೂಲೆ, ಪರದೆ, ಎಲ್ಲ ಕಡೆ ಕಾಲೆತ್ತುತ್ತಿದ್ದಾನೆ. ಪ್ಯಾಡ್ ಮೇಲೆ ನಿಂತರೂ ಉಚ್ಚೆ ಗೋಡೆಗೆ ಬೀಳುತ್ತದೆ. ಮೊನ್ನೆ ದೇವರ ಮಂಟಪದ ಪಕ್ಕದಲ್ಲೇ ಮಾಡಿದ. ಅತ್ತೆಗೆ ತುಂಬಾ ನೋವಾಗಿದೆ. ಯಾರಿಗಾದರೂ ಕೊಟ್ಟುಬಿಡಿ ಎನ್ನುತ್ತಿದ್ದಾರೆ. ಮಳೆಗಾಲ ಬೇರೆ ಶುರುವಾಗಿದೆ. ಗಂಡು ನಾಯಿಗೆ ಪ್ಯಾಡ್ ಅಭ್ಯಾಸ ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ.

ಠಾಣೆಯಿಂದ

ಅಕ್ಕಾ, ಗುಂಡನನ್ನು ಯಾರಿಗೂ ಕೊಡಬೇಡಿ. ಇದು ಸರಿಯಾಗುವ ವಿಷಯ. ಅವನು ಕಲಿತದ್ದನ್ನು ಮರೆತಿಲ್ಲ, ಪ್ರಾಯಕ್ಕೆ ಬಂದಿದ್ದಾನೆ ಅಷ್ಟೇ. ಗಂಡು ನಾಯಿಗಳು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಕಾಲೆತ್ತಲು ಶುರು ಮಾಡುತ್ತವೆ. ನಿಮ್ಮವನದೂ ಅದೇ ವಯಸ್ಸು ಅಲ್ವಾ? ನಮ್ಮ ಪೊಮೆರೇನಿಯನ್ ಇದೇ ವಯಸ್ಸಿನಲ್ಲಿ ಫ್ರಿಜ್‌ನ ಮೂಲೆ ಹಿಡಿದಿದ್ದ. ಈಗ ಅವನಿಗೆ ಆರು ವರ್ಷ. ಇಡೀ ಮನೆಯಲ್ಲಿ ಒಂದೇ ಜಾಗಕ್ಕೆ ಹೋಗುತ್ತಾನೆ.

ಮೊದಲು ಒಂದನ್ನು ಬೇರೆ ಮಾಡಿ ನೋಡಿ. ಉಚ್ಚೆ ಕಟ್ಟಿಕೊಂಡಾಗ ಒಂದೇ ಸಲಕ್ಕೆ ದೊಡ್ಡದಾಗಿ ಮಾಡುವುದು ಬೇರೆ. ಇದು ನನ್ನ ಜಾಗ ಎಂದು ಗುರುತು ಹಾಕಲು ನಾಲ್ಕು ಹನಿ ಬಿಡುವುದು ಬೇರೆ. ಗುರುತು ಹಾಕುವುದಾದರೆ ಕಲೆ ಚಿಕ್ಕದಾಗಿರುತ್ತದೆ, ನೆಟ್ಟಗೆ ನಿಂತ ವಸ್ತುವಿನ ಮೇಲಿರುತ್ತದೆ, ಅದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ. ನೀವು ಬರೆದದ್ದು ನೋಡಿದರೆ ಗುಂಡನದು ಜಾಸ್ತಿ ಈ ಎರಡನೆಯದೇ. ಮರಿಗೆ ಕಲಿಸಿದ ಹಾಗೆ ಮತ್ತೆ ಮೊದಲಿನಿಂದ ಪ್ಯಾಡ್ ತೋರಿಸುತ್ತಾ ಕೂತರೆ ಇದಕ್ಕೆ ಸಾಲದು.

ಯಾಕೆಂದರೆ ಪ್ಯಾಡ್ ಚಪ್ಪಟೆ. ಕಾಲೆತ್ತುವವನಿಗೆ ಎತ್ತರದ್ದು ಏನಾದರೂ ಬೇಕು. ಪ್ಯಾಡ್ ಹತ್ತಿರ ಅದು ಸಿಗದಿದ್ದರೆ ಸೋಫಾ ಕಾಲು ಹುಡುಕಿಕೊಂಡು ಹೋಗುತ್ತಾನೆ. ಹಾಗಾಗಿ ಎತ್ತರದ್ದನ್ನು ಪ್ಯಾಡ್ ಮೇಲೇ ಕೊಡಿ. ನಾವು ಮಾಡಿದ್ದು ಹೀಗೆ. ಎರಡು ಗೋಡೆ ಸೇರುವ ಮೂಲೆ ಆರಿಸಿಕೊಂಡೆವು. 60x90 ಸೆಂಟಿಮೀಟರಿನ ದೊಡ್ಡ ಪ್ಯಾಡನ್ನು ಅಂಚಿರುವ ಟ್ರೇಯಲ್ಲಿ ಹಾಸಿದೆವು. ಎರಡೂ ಗೋಡೆಗೆ ಒಂದೊಂದು ಪ್ಯಾಡ್ ಟೇಪ್ ಹಾಕಿ ಅಂಟಿಸಿದೆವು, ನೆಲದಿಂದ ಮೇಲಕ್ಕೆ. ಟ್ರೇ ನಡುವೆ ಎರಡು ಲೀಟರಿನ ಕೋಲ್ಡ್ ಡ್ರಿಂಕ್ ಬಾಟಲಿಗೆ ನೀರು ತುಂಬಿ, ಸುತ್ತ ಒಂದು ಪ್ಯಾಡ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ನಿಲ್ಲಿಸಿದೆವು. ನೀರು ತುಂಬಿರಬೇಕು, ಇಲ್ಲದಿದ್ದರೆ ಬಿದ್ದು ಅವನು ಹೆದರುತ್ತಾನೆ. ಮೊದಮೊದಲು ಹಳೆಯ ಒದ್ದೆ ಪ್ಯಾಡಿನ ಚಿಕ್ಕ ತುಂಡನ್ನು ಆ ಬಾಟಲಿಗೆ ಒತ್ತಿ ವಾಸನೆ ತಾಗಿಸಿ. ಮೂಸಿ ನೋಡುತ್ತಾನೆ, ತಿರುಗುತ್ತಾನೆ, ಕಾಲೆತ್ತುತ್ತಾನೆ.

ಅವನು ಮಾಡಿ ಮುಗಿಸಿದ ಕೂಡಲೇ, ಅಲ್ಲಿಯೇ, ತಿನ್ನಲು ಏನಾದರೂ ಕೊಡಬೇಕು. ಒಂದೆರಡು ಸೆಕೆಂಡಿನೊಳಗೆ. ಹಾಲ್‌ಗೆ ಓಡಿ ಬಂದ ಮೇಲೆ ಕೊಟ್ಟರೆ ಓಡಿ ಬಂದದ್ದಕ್ಕೆ ಸಿಕ್ಕಿತು ಎಂದುಕೊಳ್ಳುತ್ತಾನೆ. ಆ ಮೂಲೆಯ ಮೇಲೊಂದು ಮೊಳೆಗೆ ಡಬ್ಬಿ ನೇತುಹಾಕಿ. ಬೇಯಿಸಿದ ಚಿಕನ್ ಚೂರೋ, ಪನೀರ್ ಚೂರೋ, ನಿಮ್ಮದು ಸಸ್ಯಾಹಾರಿ ಮನೆಯಾದರೆ ಬೇಯಿಸಿದ ಕ್ಯಾರೆಟ್ ಚೂರೋ, ಯಾವುದಾದರೂ ಸರಿ, ಕಡಲೆಕಾಳಿನಷ್ಟು ಚಿಕ್ಕದು. ಮತ್ತೆ ಇದನ್ನು ನಿಮ್ಮ ಅತ್ತೆಯ ಕೈಯಿಂದಲೇ ಕೊಡಿಸಿ ಅಕ್ಕಾ. ಹಗಲಿಡೀ ಅವನ ಜೊತೆ ಇರುವವರು ಅವರೇ. ಅವರ ಕೈ ತುತ್ತು ತಿಂದವನು ಅವರ ಮಾತು ಬೇಗ ಕೇಳುತ್ತಾನೆ. ಅವರಿಗೂ ಅವನ ಮೇಲೆ ಮನಸ್ಸು ಬರುತ್ತದೆ.

ಬೈಯಬೇಡಿ, ಮೂಗು ತಿಕ್ಕಬೇಡಿ. ಬೈದರೆ ಅವನು ಕಲಿಯುವುದು ಒಂದೇ, ಇವರ ಎದುರಿಗೆ ಮಾಡಬಾರದು ಎಂದು. ಆಮೇಲೆ ಸೋಫಾ ಹಿಂದೆ ಅಡಗಿ ಮಾಡುತ್ತಾನೆ, ನಿಮ್ಮ ಎದುರು ಪ್ಯಾಡ್ ಮೇಲೂ ಮಾಡುವುದಿಲ್ಲ.

ಪುಣೆ, ಸದಾಶಿವ ಪೇಠ್‌ನಿಂದ

ಠಾಣೆಯವರು ಹೇಳಿದ್ದೆಲ್ಲ ಸರಿ. ಆದರೆ ಹಳೆಯ ವಾಸನೆ ಹೋಗದಿದ್ದರೆ ಅದು ಯಾವುದೂ ನಿಲ್ಲುವುದಿಲ್ಲ. ನಮ್ಮ ಮೂಗಿಗೆ ಹೋಗಿದೆ ಅನ್ನಿಸಿದ್ದು ನಾಯಿ ಮೂಗಿಗೆ ಹೋಗಿರುವುದಿಲ್ಲ. ಫಿನಾಯಿಲ್ ಹಾಕಿ ಒರೆಸಿದರೆ ವಾಸನೆ ಮುಚ್ಚುತ್ತದೆ, ಹೋಗುವುದಿಲ್ಲ. ಕಾಲು ನೆಕ್ಕುವ ನಾಯಿಗೆ ಅದು ಒಳ್ಳೆಯದೂ ಅಲ್ಲ. ಅಮೋನಿಯಾ ಇರುವ ಕ್ಲೀನರ್ ಅಂತೂ ಬೇಡವೇ ಬೇಡ, ಅದರ ವಾಸನೆ ಉಚ್ಚೆಯ ವಾಸನೆಗೇ ಹತ್ತಿರ. ಬ್ಲೀಚ್ ಉಚ್ಚೆಯ ಜೊತೆ ಸೇರಿದರೆ ಕಣ್ಣು, ಗಂಟಲು ಉರಿಸುವ ಗ್ಯಾಸ್ ಬರುತ್ತದೆ. ಮುಚ್ಚಿದ ಫ್ಲಾಟಿನಲ್ಲಿ ವಯಸ್ಸಾದವರು ಇರುವಾಗ ಅದನ್ನು ಮುಟ್ಟಲೇಬೇಡಿ.

ಸಾಕುಪ್ರಾಣಿಗಳ ಅಂಗಡಿಯಲ್ಲಿ ಎನ್‌ಜೈಮ್ ಕ್ಲೀನರ್ ಎಂದು ಕೇಳಿ. ಅದು ವಾಸನೆಯ ಮೂಲವನ್ನೇ ಒಡೆಯುತ್ತದೆ. ಮೊದಲು ಹಳೇ ಬಟ್ಟೆಯಿಂದ ಒತ್ತಿ ಒರೆಸಿ, ಆಮೇಲೆ ಧಾರಾಳವಾಗಿ ಹಾಕಿ, ಬಾಟಲಿ ಮೇಲೆ ಬರೆದಷ್ಟು ಹೊತ್ತು ಬಿಡಿ. ಸುಮ್ನೆ ಸ್ಪ್ರೇ ಹೊಡೆದು ಒರೆಸಿದರೆ ದುಡ್ಡು ದಂಡ. ಟೈಲ್ಸ್ ನಡುವಿನ ಸಂದಿಯಲ್ಲೇ ಜಾಸ್ತಿ ಇಳಿದಿರುತ್ತದೆ. ರಾತ್ರಿ ದೀಪ ಆರಿಸಿ ಯುವಿ ಟಾರ್ಚ್ ಬಿಟ್ಟು ನೋಡಿ, ಒಣಗಿದ ಕಲೆಗಳು ಹೊಳೆಯುತ್ತವೆ. ನಮಗೆ ಗೊತ್ತೇ ಇಲ್ಲದ ಜಾಗಗಳು ಹಾಗೆ ಸಿಕ್ಕವು.

ವಿನೆಗರ್ ನೀರು ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಸೆರಾಮಿಕ್ ಟೈಲ್ಸ್‌ಗೆ ಸರಿ. ಆದರೆ ಮಾರ್ಬಲ್‌ಗೆ ಹಾಕಬೇಡಿ, ಹೊಳಪು ತಿಂದುಬಿಡುತ್ತದೆ. ನಮ್ಮ ಹಳೇ ಕಟ್ಟಡಕ್ಕೆ ಶಹಾಬಾದಿ ಫರ್ಶಿ, ನಮ್ಮ ಕಲಬುರಗಿ ಜಿಲ್ಲೆಯ ಕಲ್ಲೇ ಅದು. ಸುಣ್ಣದ ಕಲ್ಲಾದ್ದರಿಂದ ಅದಕ್ಕೂ ಹುಳಿ ಆಗುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಬಳಸಿದ ಪ್ಯಾಡ್ ಏನು ಮಾಡುತ್ತೀರಿ? ಟಾಯ್ಲೆಟ್‌ಗೆ ಹಾಕಿದರೆ ಪೈಪ್ ಕಟ್ಟುತ್ತದೆ, ಒಳಗಿನ ಪುಡಿ ನೀರು ಕುಡಿದು ಉಬ್ಬುತ್ತದೆ. ಹಸಿ ಕಸಕ್ಕೂ ಹಾಕಬಾರದು. ಪುಣೆಯಲ್ಲಿ ಸ್ವಚ್ಛ್ ಸಂಸ್ಥೆಯ ಹೆಂಗಸರು ಮನೆ ಮನೆಗೆ ಬಂದು ಕಸ ಒಯ್ಯುತ್ತಾರೆ, ಕೈಯಿಂದಲೇ ಬೇರೆ ಮಾಡುತ್ತಾರೆ. ಡೈಪರ್, ಸ್ಯಾನಿಟರಿ ಪ್ಯಾಡ್‌ಗಳನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಹಾಕಿ ಕೊಡಿ ಎಂದು ಅವರು ಕೇಳಿಕೊಂಡಿದ್ದಾರೆ. ನಾಯಿ ಪ್ಯಾಡನ್ನೂ ನಾವು ಹಾಗೆಯೇ ಕೊಡುತ್ತೇವೆ. ಮುಂಬೈಯಲ್ಲೂ ಸುತ್ತಿ, ಗುರುತು ಹಾಕಿ ಬೇರೆ ಇಡಿ. ಅದನ್ನು ಬಿಡಿಸಿ ನೋಡುವ ಕೈ ಯಾರದೋ ಇರುತ್ತದೆ.

ಚೆಂಬೂರ್‌ನಿಂದ

ಮೇಡಂ, ಎಲ್ಲಕ್ಕಿಂತ ಮೊದಲು ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಅಭ್ಯಾಸ ಕೆಟ್ಟರೆ ಕೆಲವು ಸಲ ಮೂತ್ರದ ಸೋಂಕು ಇರುತ್ತದೆ. ಉಚ್ಚೆಯಲ್ಲಿ ರಕ್ತ, ಪದೇ ಪದೇ ಹೋಗುವುದು, ಮಾಡುವಾಗ ಅಳುವುದು ಇದ್ದರೆ ತಡ ಮಾಡಬೇಡಿ. ಕಾಲೆತ್ತಿ ತಿಣುಕಿದರೂ ಒಂದು ಹನಿಯೂ ಬರದಿದ್ದರೆ ಅದು ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಓಡಬೇಕಾದ ವಿಷಯ. ಗಂಡು ನಾಯಿಯ ಮೂತ್ರನಾಳ ಸಣ್ಣದು, ಕಲ್ಲು ಸಿಕ್ಕಿಹಾಕಿಕೊಂಡರೆ ಪ್ರಾಣಕ್ಕೇ ಬರುತ್ತದೆ. ನಮ್ಮ ಮನೆ ನಾಯಿಗೆ ಹೀಗೆ ಆಗಿ ರಾತ್ರಿ ಓಡಿದ್ದೇವೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಖಾಸಗಿ ಡಾಕ್ಟರ್ ದುಬಾರಿ ಅನ್ನಿಸಿದರೆ ಪರೇಲ್‌ನಲ್ಲಿ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ, ಬ್ರಿಟಿಷರ ಕಾಲದಿಂದ ನಡೆದು ಬಂದದ್ದು.

ಏನೂ ತೊಂದರೆ ಇಲ್ಲ ಎಂದರೆ ಸಂತಾನಹರಣ ಆಪರೇಷನ್ ಬಗ್ಗೆ ಅದೇ ಡಾಕ್ಟರ ಹತ್ತಿರ ಮಾತಾಡಿ. ಚಿಕ್ಕ ತಳಿಗೆ ಆರು ತಿಂಗಳ ಮೇಲೆ ಮಾಡುತ್ತಾರೆ. ಗುರುತು ಹಾಕುವುದು ಬಹಳಷ್ಟು ನಾಯಿಗಳಲ್ಲಿ ಕಡಿಮೆಯಾಗುತ್ತದೆ, ಎಲ್ಲದರಲ್ಲೂ ಅಲ್ಲ. ಮರುದಿನವೇ ನಿಲ್ಲುವುದೂ ಇಲ್ಲ, ವಾರಗಟ್ಟಲೆ ಬೇಕು. ಅಭ್ಯಾಸ ಗಟ್ಟಿಯಾಗುವ ಮೊದಲೇ ಮಾಡಿಸಿದರೆ ಒಳ್ಳೆಯದು.

ಮಡಗಾಂವ್‌ನಿಂದ

ತಂಗೀ, ಮನೆಯಲ್ಲಿ ಕಾಲೊರೆಸುವ ಮ್ಯಾಟ್ ಎಷ್ಟಿವೆ ನೋಡು. ಬಾತ್‌ರೂಮ್ ಹೊರಗೆ ಒಂದು, ಅಡುಗೆಮನೆಗೆ ಒಂದು, ಬಾಗಿಲಿಗೆ ಒಂದು. ನಾಯಿ ಜಾಗವನ್ನು ಪಾದದಿಂದಲೂ ಗುರುತಿಸುತ್ತದೆ. ಮೆತ್ತಗೆ ಚೌಕವಾಗಿ ಇರುವುದರ ಮೇಲೆ ಮಾಡು ಎಂದು ನಾವೇ ಕಲಿಸಿರುತ್ತೇವೆ. ಅದಕ್ಕೆ ಮ್ಯಾಟೂ ಒಂದೇ, ಪ್ಯಾಡೂ ಒಂದೇ. ಕಲಿಯುವವರೆಗೆ ಮ್ಯಾಟ್ ಎಲ್ಲ ಎತ್ತಿಡು. ನೆಲದಲ್ಲಿ ಬಟ್ಟೆ, ಚಾದರ ಬೀಳದ ಹಾಗೆ ನೋಡಿಕೋ. ಪೇಪರ್ ಹಾಸಿ ಕಲಿಸಿದವರಿಗೂ ಇದೇ ಪಾಡು, ಓದಲು ನೆಲಕ್ಕೆ ಹಾಸಿದ ಪೇಪರ್ ಮೇಲೂ ಬಂದು ನಿಲ್ಲುತ್ತದೆ.

ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆದರೆ ನಿಲ್ಲುವುದಿಲ್ಲ. ಬಾಲ್ಕನಿ ಬಾಗಿಲಲ್ಲಿ ಪ್ಯಾಡ್ ಇಟ್ಟರೆ ಎರಚಲು ಬಡಿದು ಒದ್ದೆಯಾಗುತ್ತದೆ. ಒದ್ದೆ ಪ್ಯಾಡ್ ಮೇಲೆ ನಮ್ಮವನು ಕಾಲೇ ಇಡುತ್ತಿರಲಿಲ್ಲ. ನಿನ್ನದೂ ಬಾಲ್ಕನಿ ಹತ್ತಿರ ಎಂದಿದ್ದೀಯಲ್ಲ, ಅದನ್ನೂ ನೋಡು. ಜಾಗ ಬದಲಿಸುವುದಾದರೆ ಒಂದೇ ಸಲಕ್ಕೆ ಎತ್ತಬೇಡ. ದಿನಾ ಒಂದೆರಡು ಅಡಿ ಸರಿಸುತ್ತಾ ಹೋಗು. ಊಟದ ಬಟ್ಟಲು, ಹಾಸಿಗೆಯಿಂದ ದೂರ ಇರಲಿ.

ಶಿಟ್ಜು ಎಂದರೆ ಹೊಟ್ಟೆಯ ಕೆಳಗೆ ಕೂದಲು ಜಾಸ್ತಿ. ಮಳೆಗಾಲದಲ್ಲಿ ಅಲ್ಲಿ ಉಚ್ಚೆ ನಿಂತು ಚರ್ಮ ಕೆಂಪಾಗುತ್ತದೆ. ಚಿಕ್ಕದಾಗಿ ಕತ್ತರಿಸಿ ಒರೆಸುತ್ತಿರು.

ಘಾಟ್ಕೋಪರ್‌ನಿಂದ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪ್ಯಾಡ್ ಇರಲಿ. ಆದರೆ ಏಳು ತಿಂಗಳ ಗಂಡು ನಾಯಿಯನ್ನು ಪೂರ್ತಿ ಮನೆಯೊಳಗೇ ಇಡಬೇಡಿ. ಮೂಸಲು, ಗುರುತು ಹಾಕಲು ಅವನಿಗೂ ಹೊರಗಿನ ಕಂಬ, ಮರ ಬೇಕು. ಬೆಳಿಗ್ಗೆ ನೀವು ಹೊರಡುವ ಮುಂಚೆ ಒಮ್ಮೆ, ರಾತ್ರಿ ಬಂದ ಮೇಲೆ ಒಮ್ಮೆ ಕರೆದುಕೊಂಡು ಹೋದರೆ ಹಗಲಿನ ಹಾವಳಿ ಅರ್ಧ ಇಳಿಯುತ್ತದೆ. ಲಿಫ್ಟ್‌ನಲ್ಲಿ ನಾಯಿ ಬೇಡ ಎಂದು ಸೊಸೈಟಿಯವರು ಅಡ್ಡ ಬಂದರೆ, ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ತೋರಿಸಿ. ಹಾಗೆ ತಡೆಯುವಂತಿಲ್ಲ ಎಂದು ಅದರಲ್ಲಿದೆ. ನಿಮ್ಮ ಕಡೆಯಿಂದ ಕೈಯಲ್ಲಿ ಪೇಪರ್, ಚೀಲ ಇಟ್ಟುಕೊಂಡು ಹೋಗಿ, ಜಗಳ ಆಗುವುದಿಲ್ಲ.

ನಿಂತ ನೀರಿನಲ್ಲಿ ಮಾತ್ರ ನಡೆಸಬೇಡಿ. 2005ರ ಜುಲೈ 26ರ ಮುಂಬೈ ನೆರೆ ಕಂಡವರಿಗೆ ಲೆಪ್ಟೋ, ಅಂದರೆ ಲೆಪ್ಟೊಸ್ಪೈರೋಸಿಸ್ ಎಂಬ ಸೋಂಕು ರೋಗದ ಹೆಸರು ಹೊಸದಲ್ಲ. ಇಲಿಯ ಉಚ್ಚೆ ಸೇರಿದ ನೀರಿನಿಂದ ನಾಯಿಗೂ ಬರುತ್ತದೆ, ರೋಗ ಬಂದ ನಾಯಿಯ ಉಚ್ಚೆಯಿಂದ ನಮಗೂ ಬರಬಹುದು. ವರ್ಷಕ್ಕೊಮ್ಮೆ ಹಾಕುವ ಲಸಿಕೆಯಲ್ಲಿ ಲೆಪ್ಟೋ ಇದೆಯೋ ಎಂದು ಕೇಳಿ. ಪ್ಯಾಡ್ ಎತ್ತುವಾಗ ಅತ್ತೆಗೆ ಗ್ಲೌಸ್ ಕೊಡಿ.

ಮತ್ತೆ, ಊರಿನಿಂದ ನೆಂಟರು ಬಂದಾಗ ಅವರ ಬ್ಯಾಗನ್ನು ಮಂಚದ ಮೇಲೆ ಇಡಿಸಿ. ಹೊಸ ವಾಸನೆ ಬಂದರೆ ಗಂಡು ನಾಯಿ ಬಿಡುವುದಿಲ್ಲ. ಚಪ್ಪಲಿಗೂ ಅಷ್ಟೇ.

ಮುಲುಂಡ್‌ನಿಂದ ಮತ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ಅತ್ತೆಗೂ ಓದಿ ಹೇಳಿದೆ. ಡಬ್ಬಿ ನೇತುಹಾಕಿ, ನಾನೇ ಕೊಡುತ್ತೇನೆ ಎಂದರು. ಡಾಕ್ಟರ ಹತ್ತಿರ ಶನಿವಾರಕ್ಕೆ ಸಮಯ ಸಿಕ್ಕಿದೆ. ಉಚ್ಚೆ ಹೊರಗೆ ಬೀಳದ ಹಾಗೆ ಹೊಟ್ಟೆಗೆ ಸುತ್ತುವ ಬೆಲ್ಲಿ ಬ್ಯಾಂಡ್ ಹಾಕಿದರೆ ಹೇಗೆ? ಅತ್ತೆಗೆ ಪದೇ ಪದೇ ಬಗ್ಗಲು ಆಗುವುದಿಲ್ಲ. ಸಂಜೆ ನೀರು ಕೊಡುವುದು ಕಡಿಮೆ ಮಾಡಲೇ? ಅವನು ಪ್ಯಾಡ್ ಹರಿಯುತ್ತಾನೆ ಕೂಡ. ಮಂಟಪದ ಹತ್ತಿರ ಹೋಗದ ಹಾಗೆ ಏನು ಮಾಡಲಿ?

ಠಾಣೆಯಿಂದ

ನೀರು ಕಡಿಮೆ ಮಾಡಬೇಡಿ ಅಕ್ಕಾ, ಮಾಡಿದರೆ ಚೆಂಬೂರ್‌ನವರು ಹೇಳಿದ ಕಲ್ಲಿನ ತೊಂದರೆಗೆ ದಾರಿ ಮಾಡಿಕೊಟ್ಟಂತೆ. ಬೆಲ್ಲಿ ಬ್ಯಾಂಡ್ ನೆಂಟರು ಬಂದ ದಿನಕ್ಕೆ ಸರಿ. ಎರಡು ಮೂರು ಗಂಟೆಗೊಮ್ಮೆ ಬಿಚ್ಚಿ ಪ್ಯಾಡಿಗೆ ಕರೆದುಕೊಂಡು ಹೋಗಬೇಕು, ಒದ್ದೆಯಾದರೆ ಆಗಲೇ ಬದಲಿಸಬೇಕು. ದಿನವಿಡೀ ಹಾಕಿದರೆ ಚರ್ಮ ಕೆಡುತ್ತದೆ, ಅವನು ಕಲಿಯುವುದೂ ಇಲ್ಲ.

ಪ್ಯಾಡ್ ಹರಿದು ನುಂಗಿದರೆ ಅಪಾಯ, ಒಳಗಿನ ಪುಡಿ ಹೊಟ್ಟೆಯಲ್ಲಿ ಉಬ್ಬುತ್ತದೆ. ಮೇಲೆ ಜಾಲರಿ ಇರುವ ಟ್ರೇ ಸಿಗುತ್ತದೆ, ಅದನ್ನೇ ತೆಗೆದುಕೊಳ್ಳಿ. ಬಾಟಲಿಗೆ, ಗೋಡೆಗೆ ಹಾಕಿದ ಪ್ಯಾಡ್ ಮೇಲೆ ಕಣ್ಣಿಡಬೇಕು. ನೀವು ಯಾರೂ ಇಲ್ಲದಾಗ ಅವನ್ನು ತೆಗೆದು, ಗೋಡೆಗೆ ತೊಳೆಯಬಹುದಾದ ಪ್ಲಾಸ್ಟಿಕ್ ಹಾಳೆ ಹಾಕಿ. ಬಾಟಲಿಗೆ ಪ್ಯಾಡ್ ಸುತ್ತದಿದ್ದರೂ ಸಾಕು, ನೀರು ಮಾತ್ರ ತುಂಬಿರಲಿ.

ಅತ್ತೆಗೆ ದಿನವಿಡೀ ಅವನ ಹಿಂದೆ ಓಡುವ ಕೆಲಸ ಬೇಡ. ಅವನು ನಿದ್ದೆಯಿಂದ ಎದ್ದಾಗ, ಊಟ ಆದ ಮೇಲೆ, ಆಟ ಮುಗಿದಾಗ, ಈ ಮೂರು ಹೊತ್ತಿನಲ್ಲಿ ಪ್ಯಾಡ್ ಹತ್ತಿರ ಕರೆದರೆ ಸಾಕು. ಎಲ್ಲರೂ ಒಂದೇ ಮಾತಿನಲ್ಲಿ ಕರೆಯಿರಿ. ಉಳಿದ ಹೊತ್ತು ಅತ್ತೆಯ ಕಣ್ಣಿಗೆ ಬೀಳುವಷ್ಟು ಜಾಗದಲ್ಲಿ ಅವನಿರಲಿ. ಇಡೀ ಮನೆ ಬಿಟ್ಟುಕೊಡುವುದು ಆಮೇಲೆ.

ಸೋಫಾ ಕಾಲಿನ ಹತ್ತಿರ, ಸ್ವಚ್ಛ ಮಾಡಿದ ಮೇಲೆ, ಅವನ ಊಟದ ಬಟ್ಟಲು ಇಡಿ. ಉಣ್ಣುವ ಜಾಗದಲ್ಲಿ ಸಾಮಾನ್ಯವಾಗಿ ಮಾಡುವುದಿಲ್ಲ. ಮಂಟಪಕ್ಕೆ ಆ ಉಪಾಯ ಬೇಡ, ಅತ್ತೆಗೆ ಇಷ್ಟವಾಗಲಿಕ್ಕಿಲ್ಲ. ಮಕ್ಕಳಿಗೆ ಹಾಕುವ ಸೇಫ್ಟಿ ಗೇಟ್ ಅಲ್ಲಿಗೆ ಸರಿ ಹೋಗುತ್ತದೆ, ನಮ್ಮ ಮಗಳದು ಒಂದು ಅಟ್ಟದಲ್ಲಿದೆ. ಮುಲುಂಡ್ ನಮಗೆ ಒಂದೇ ಸ್ಟೇಷನ್. ಭಾನುವಾರ ಮನೆಯಲ್ಲಿದ್ದರೆ ಹೇಳಿ, ಗೇಟ್ ತಂದು ಕೂರಿಸಿಕೊಟ್ಟು, ಮೂಲೆಯನ್ನೂ ಹೇಗೆ ಕಟ್ಟುವುದೆಂದು ತೋರಿಸಿ ಹೋಗುತ್ತೇನೆ.