ಅಪ್‌ಡೇಟ್: ಹೊಸ ಫುಟ್‌ಪಾತ್ ಎಲ್ಲಿ ಬೇಕೆಂದು ಜನರನ್ನು ಕೇಳುವ ಬಗ್ಗೆ

ಬಡಾವಣೆಯ ಹೊಸ ಫುಟ್‌ಪಾತ್‌ಗಳಿಗೆ ನಿವಾಸಿಗಳ ಅಭಿಪ್ರಾಯ ಹೇಗೆ ಸಂಗ್ರಹಿಸುವುದು ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಕೆಲಸಕ್ಕೆ ಬಂದದ್ದನ್ನು ಬರೆಯುತ್ತಿದ್ದೇನೆ.

"ಫುಟ್‌ಪಾತ್ ಬೇಕಾ?" ಅನ್ನೋ ಪ್ರಶ್ನೆ ದಂಡ. ಎಲ್ಲರಿಗೂ ಬೇಕು, ತಮ್ಮ ಗೇಟಿನ ಮುಂದೊಂದು ಬಿಟ್ಟು! ಅದರ ಬದಲು ದೊಡ್ಡ ನಕ್ಷೆ ಹಾಸಿ, ದಿನಾ ನಡೆಯುವ ದಾರಿಗೆ ಒಂದು ಬಣ್ಣ, ರಸ್ತೆಗೆ ಇಳಿಯಲೇಬೇಕಾದ ಜಾಗಕ್ಕೆ ಇನ್ನೊಂದು ಬಣ್ಣ ಹಾಕಿಸಿ. ಸಭೆಗೆ ಬರುವವರಲ್ಲಿ ಕಾರಿನವರೇ ಜಾಸ್ತಿ. ಮಕ್ಕಳು, ವಯಸ್ಸಾದವರನ್ನು ಶಾಲೆ ಗೇಟು, ಬಸ್ ಸ್ಟಾಪಿನಲ್ಲೇ ಕೇಳಬೇಕು.

ಹೆಚ್ಚು ಎಡವಟ್ಟಾಗುವುದು ಅಗಲದಲ್ಲಿ. ನಕ್ಷೆಯಲ್ಲಿ 2 ಮೀಟರ್ ಇದ್ದರೂ ಕಂಬ, ಮರ, ಕೇಬಲ್ ಪೆಟ್ಟಿಗೆ ಕಳೆದರೆ ಒಂದು ಮೀಟರೂ ಉಳಿಯದಿರಬಹುದು. ಹಾಗಾಗಿ ಅಡಚಣೆ ಇರುವಲ್ಲೇ ಟೇಪ್ ಹಿಡಿಯಿರಿ. ಎದುರುಬದುರಾಗಿ ಬರುವ ಎರಡು ಗಾಲಿಕುರ್ಚಿ ದಾಟಲು 1.8 ಮೀಟರ್ ಖಾಲಿ ಜಾಗ ಬೇಕು.

ರಸ್ತೆಯಿಂದ ಫುಟ್‌ಪಾತಿನ ಎತ್ತರ 150 ಮಿ.ಮೀ. ಸಾಕು. ಗಾಲಿಕುರ್ಚಿ ಹತ್ತಲು ಬೇಕಾದ 1:12 ಇಳಿಜಾರಿಗೆ (1 ಮೀಟರ್ ಏರಲು 12 ಮೀಟರ್ ಉದ್ದ) ಆಗಲೇ 1.8 ಮೀಟರ್ ಉದ್ದ ಹೋಗುತ್ತದೆ; 300ಕ್ಕೆ ಏರಿಸಿದರೆ 3.6. ಪ್ರತಿ ಗೇಟಿನ ಮುಂದೆಯೂ ಹತ್ತಿ ಇಳಿಯಬೇಕಾದರೆ ಜನ ರಸ್ತೆಯಲ್ಲೇ ನಡೆಯುತ್ತಾರೆ. ಅದಕ್ಕೇ ಗೇಟುಗಳ ಮುಂದೆ ಫುಟ್‌ಪಾತ್ ಮಟ್ಟ ಇಳಿಯಕೂಡದು, ವಾಹನವೇ ಹತ್ತಿ ಇಳಿಯಲಿ ಎಂಬುದನ್ನು ಮನವಿಯಲ್ಲಿ ಸೇರಿಸಿದ್ದೇವೆ. ನೀರು ಹರಿಯಲು ಅಡ್ಡ ಇಳಿಜಾರು 1:50 ಇರಲಿ. ಜಾಸ್ತಿಯಾದರೆ ಗಾಲಿಕುರ್ಚಿ ರಸ್ತೆ ಕಡೆಗೆ ಎಳೆಯುತ್ತದೆ.

ಪೈಪ್, ಕೇಬಲ್ ಅಗೆತದ ವೇಳಾಪಟ್ಟಿಯನ್ನೂ ಬರಹದಲ್ಲಿ ಕೇಳಿದ್ದೇವೆ. ಅದು ಕೈಗೆ ಸಿಗದೆ ಕಲ್ಲು ಹಾಸಲು ಒಪ್ಪಬೇಡಿ.